ಯುವಿ ಹಾಕಿಸಿದ ಮೇಲೂ ನಲ್ಲಿ ನೀರಿನಲ್ಲಿ ಕೋಲಿಫಾರ್ಮ್ ಯಾಕೆ? ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನ ಅಪಾರ್ಟ್‌ಮೆಂಟ್ ಕಮಿಟಿಯವರು): ಮೇಡಂ, ನಮ್ಮದು 40 ಮನೆಗಳ ಅಪಾರ್ಟ್‌ಮೆಂಟ್. ಕಾವೇರಿ ನೀರು ಸಾಲುವುದಿಲ್ಲ, ಹಾಗಾಗಿ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಲ್ಲಾ ಒಂದೇ ಸಂಪ್‌ಗೆ ಬೀಳುತ್ತದೆ. ಮಕ್ಕಳಿಗೆ ಪದೇ ಪದೇ ಹೊಟ್ಟೆ ಕೆಡುತ್ತಿತ್ತು ಅಂತ ಸಂಪ್‌ನಿಂದ ಓವರ್‌ಹೆಡ್ ಟ್ಯಾಂಕ್‌ಗೆ ಹೋಗುವ ಪೈಪ್‌ಗೆ ಯುವಿ, ಅಂದರೆ ನೇರಳಾತೀತ ಕಿರಣದಿಂದ ಕ್ರಿಮಿ ಕೊಲ್ಲುವ ಯಂತ್ರ, ಕೂರಿಸಿದೆವು. ಈಗ ಅಡುಗೆಮನೆ ನಲ್ಲಿಯ ನೀರು ಲ್ಯಾಬ್‌ಗೆ ಕೊಟ್ಟರೆ ಮತ್ತೆ ಕೋಲಿಫಾರ್ಮ್ (ನೀರಿಗೆ ಕೊಳಕು ಸೇರಿರಬಹುದು ಅಂತ ತೋರಿಸುವ ಬ್ಯಾಕ್ಟೀರಿಯಾ) ಇದೆ ಅಂತ ರಿಪೋರ್ಟ್ ಬಂದಿದೆ. ದುಡ್ಡು ದಂಡ ಆಯ್ತಾ?

ಉತ್ತರ (ನೀರು ಶುದ್ಧೀಕರಣ ಎಂಜಿನಿಯರ್): ದಂಡ ಆಗಿಲ್ಲ ಸಾರ್. ಆದರೆ ಯುವಿ ನಂತರ ಆ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಓವರ್‌ಹೆಡ್ ಟ್ಯಾಂಕ್‌ಗೆ, ಅಲ್ವಾ? ಅದರ ತಳದಲ್ಲಿ ಕೆಸರು, ಗೋಡೆಗೆ ಲೋಳೆ, ಮುಚ್ಚಳ ಸರಿ ಇಲ್ಲದಿದ್ದರೆ ಪಾರಿವಾಳದ ಹಿಕ್ಕೆ. ಯುವಿ ತನ್ನ ಎದುರು ಹಾದು ಹೋಗುವ ನೀರನ್ನು ಹಾದು ಹೋಗುವ ಕೆಲವೇ ಸೆಕೆಂಡು ಮಾತ್ರ ನೋಡಿಕೊಳ್ಳುತ್ತದೆ, ಲ್ಯಾಂಪ್ ಇರುವ ಚೇಂಬರ್ ದಾಟಿದ ಮೇಲೆ ಅದರ ಕೆಲಸ ಮುಗಿಯಿತು. ಕ್ಲೋರಿನ್ ಹಾಗಲ್ಲ, ನೀರಿನ ಜೊತೆ ನಲ್ಲಿವರೆಗೂ ಬರುತ್ತದೆ.

ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಉಳಿದದ್ದು ಸುಲಭ. ಲ್ಯಾಂಪ್‌ನಲ್ಲಿರುವ ಪಾದರಸದ ಆವಿಯಿಂದ 254 ನ್ಯಾನೋಮೀಟರ್‌ನ ಕಿರಣ ಬರುತ್ತದೆ. ಬ್ಯಾಕ್ಟೀರಿಯಾದ ಡಿಎನ್‌ಎ ಅದನ್ನು ಹೀರಿಕೊಂಡಾಗ ಎಳೆಯಲ್ಲಿ ಅಕ್ಕಪಕ್ಕ ಇರುವ ಥೈಮಿನ್ ಅನ್ನುವ ಘಟಕಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಆ ಬ್ಯಾಕ್ಟೀರಿಯಾ ಒಂದು ಎರಡಾಗಲಾರದು, ಹೊಟ್ಟೆಯೊಳಗೆ ಹೋದರೂ ಬೆಳೆಯಲಾರದು. ಆದರೆ ಕಿರಣ ಸಾಕಷ್ಟು ಬೀಳದಿದ್ದರೆ ಕೆಲವು ಬ್ಯಾಕ್ಟೀರಿಯಾ ಈ ಏಟನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತವೆ. ಅದಕ್ಕೇ ಡೋಸ್ ಮುಖ್ಯ. ಬೆಳಕು ಎಷ್ಟು ಗಟ್ಟಿ, ನೀರು ಎಷ್ಟು ಹೊತ್ತು ಅದರ ಎದುರು ಇತ್ತು, ಇವೆರಡರ ಗುಣಲಬ್ಧವೇ ಡೋಸ್. ಕುಡಿಯುವ ನೀರಿಗೆ ಚದರ ಸೆಂಟಿಮೀಟರ್‌ಗೆ 40 ಮಿಲಿಜೌಲ್ ಅನ್ನುವುದು ಹಲವು ಕಡೆ ಒಪ್ಪಿಕೊಂಡಿರುವ ಅಳತೆ. ಇ. ಕೋಲಿಗೆ ಅಷ್ಟು ಬೇಕಿಲ್ಲ, 10 ಮಿಲಿಜೌಲ್ ಆಸುಪಾಸಿನಲ್ಲೇ 10,000ಕ್ಕೆ 9,999 ಹೋಗುತ್ತವೆ. ಅಡಿನೋವೈರಸ್ ಮಾತ್ರ ಮೊಂಡು, ಅದನ್ನು ಅಷ್ಟೇ ಮಟ್ಟಕ್ಕೆ ಇಳಿಸಲು ಅಮೆರಿಕದ ನಿಯಮದಲ್ಲಿ 186 ಮಿಲಿಜೌಲ್ ಕೇಳುತ್ತಾರೆ.

ನಿಮ್ಮ ಚೇಂಬರ್ ಮೇಲೆ ಗಂಟೆಗೆ ಎಷ್ಟು ಲೀಟರ್ ಅಂತ ಬರೆದಿದೆ, ಮೋಟರ್ ಎಷ್ಟು ಎತ್ತುತ್ತದೆ, ಎರಡನ್ನೂ ಹೇಳಿ.

ಕಮಿಟಿಯವರು: ಚೇಂಬರ್ ಮೇಲೆ 6,000 ಲೀಟರ್ ಅಂತಿದೆ. ಮೋಟರ್ ಗಂಟೆಗೆ 12,000 ಲೀಟರ್ ಎತ್ತುತ್ತದಂತೆ, ಪ್ಲಂಬರ್ ಹೇಳಿದ್ದು.

ಉತ್ತರ: ಹಾಗಿದ್ದರೆ ಟ್ಯಾಂಕ್ ಒಂದೇ ಅಲ್ಲ, ಇದೂ ಕಾರಣ. ನೀರು ಎರಡು ಪಟ್ಟು ವೇಗವಾಗಿ ಓಡುತ್ತಿದೆ, ಡೋಸ್ ಹೆಚ್ಚು ಕಡಿಮೆ ಅರ್ಧ. ಇದರ ಮೇಲೆ ಬೋರ್ ನೀರು ಬೇರೆ. ಲ್ಯಾಂಪ್ ಸುತ್ತ ಇರುವ ಕ್ವಾರ್ಟ್ಜ್ ಸ್ಲೀವ್ (ಗಾಜಿನಂಥ ಕೊಳವೆ) ಬಿಚ್ಚಿಸಿ ನೋಡಿ, ಗಡಸು ನೀರಿನಿಂದ ಬಿಳಿ ಪದರ ಕಟ್ಟಿರುತ್ತದೆ, ಕಬ್ಬಿಣ ಇದ್ದರೆ ಕಂದು. ಕಬ್ಬಿಣ ಲೀಟರ್‌ಗೆ 0.3 ಮಿಲಿಗ್ರಾಂಗಿಂತ ಜಾಸ್ತಿ ಇದ್ದರೆ ಮೊದಲು ಅದನ್ನು ತೆಗೆಯುವ ಫಿಲ್ಟರ್ ಬೇಕು. ನೀರು ಮಬ್ಬಾಗಿದ್ದರೂ ಕಷ್ಟ, ಮಣ್ಣಿನ ಕಣದ ಹಿಂದೆ ಬ್ಯಾಕ್ಟೀರಿಯಾ ನೆರಳಿನಲ್ಲಿ ಆರಾಮಾಗಿ ದಾಟಿಬಿಡುತ್ತದೆ. ಸ್ಯಾಂಡ್ ಫಿಲ್ಟರ್, ಆಮೇಲೆ 5 ಮೈಕ್ರಾನ್ ಕಾರ್ಟ್ರಿಡ್ಜ್, ಆಮೇಲೆ ಯುವಿ. ಈ ಕ್ರಮ ತಪ್ಪಬೇಡಿ.

ಸ್ಲೀವ್‌ನ ಈ ತಾಪತ್ರಯಕ್ಕೆ ನನಗೆ ತುಂಬಾ ಇಷ್ಟವಾದ ಉತ್ತರ ಕೊಟ್ಟವರು ಅಶೋಕ್ ಗಾಡ್ಗೀಳ್. ಮುಂಬೈನವರು, ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಲ್ಯಾಬ್‌ನಲ್ಲಿದ್ದ ವಿಜ್ಞಾನಿ. 1992ರಲ್ಲಿ ನಮ್ಮ ದೇಶದಲ್ಲಿ ಹೊಸ ತಳಿಯ ಕಾಲರಾ ಹಬ್ಬಿತಲ್ಲ, ಅದರ ನಂತರ ಹಳ್ಳಿಗಳಿಗೆ ಅಂತ ಒಂದು ಯಂತ್ರ ಮಾಡಿದರು. ಲ್ಯಾಂಪನ್ನು ನೀರಿನೊಳಗೆ ಮುಳುಗಿಸಲೇ ಇಲ್ಲ, ನೀರಿನ ಮೇಲೆ ನೇತುಹಾಕಿದರು. ಸ್ಲೀವೇ ಇಲ್ಲ ಅಂದಮೇಲೆ ಪದರ ಕಟ್ಟುವುದು ಎಲ್ಲಿಂದ! 40 ವ್ಯಾಟ್‌ನ ಆಸುಪಾಸು ಕರೆಂಟ್‌ನಲ್ಲಿ ನಿಮಿಷಕ್ಕೆ ಸುಮಾರು 15 ಲೀಟರ್ ನೀರು.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲಾ ರಗಳೆ ಯಾಕೆ ಮೇಡಂ, ಸಂಪ್‌ಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಮುಗೀತಲ್ಲ?

ಉತ್ತರ: ಅದರಲ್ಲಿರುವುದೂ ಕ್ಲೋರಿನ್ನೇ, ಬ್ಯಾಕ್ಟೀರಿಯಾಕ್ಕೆ ಆಗುತ್ತದೆ. ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಜೀವಿಗೆ ಆಗುವುದಿಲ್ಲ, ಅದರ ಚಿಪ್ಪು ಕ್ಲೋರಿನ್‌ಗೆ ಬಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಕ್ಲೋರಿನ್ ಹಾಕಿದ ನಗರದ ನೀರನ್ನೇ ಕುಡಿದು ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು. ಅದೇ ಜೀವಿ ಯುವಿಯ ಮುಂದೆ ತುಂಬಾ ದುರ್ಬಲ, 12 ಮಿಲಿಜೌಲ್‌ಗೆ 1,000ಕ್ಕೆ 999 ಹೋಗುತ್ತವೆ. ನ್ಯೂಯಾರ್ಕ್ ನಗರ ತನ್ನ ಕ್ಯಾಟ್ಸ್‌ಕಿಲ್, ಡೆಲವೇರ್ ನೀರಿಗೆ ಭಾರೀ ಯುವಿ ಘಟಕ ಕಟ್ಟಿತು, ಕ್ಲೋರಿನನ್ನೂ ಬಿಡಲಿಲ್ಲ. ಎರಡೂ ಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಒಬ್ಬ ಗೃಹಿಣಿ: ಮನೆಯ ಫಿಲ್ಟರ್‌ನಲ್ಲಿ ಯುವಿ ಬಲ್ಬ್ ನೀಲಿಯಾಗಿ ಚೆನ್ನಾಗೇ ಉರಿಯುತ್ತಿದೆ. ಸರ್ವಿಸ್‌ನವನು ವರ್ಷ ಆಯ್ತು ಬದಲಿಸಿ ಅಂತಾನೆ. ಸುಮ್ನೆ ದುಡ್ಡು ಕೀಳೋಕೆ ಅಲ್ವಾ?

ಉತ್ತರ: ಈ ಒಂದು ವಿಷಯದಲ್ಲಿ ಅವನ ಮಾತು ನಂಬಬಹುದು ಅಮ್ಮಾ. ಕ್ರಿಮಿಯನ್ನು ಹೊಡೆಯುವ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ನೀಲಿ ಬೆಳಕು ಬೇರೆ, ಅದು ಹಾಗೇ ಇರುತ್ತದೆ, ಒಳಗಿನ ಕಿರಣ ಮಾತ್ರ ಕುಗ್ಗುತ್ತಾ ಹೋಗಿರುತ್ತದೆ. ಇಂಥ ಲ್ಯಾಂಪ್‌ಗಳಿಗೆ ಸಾಮಾನ್ಯವಾಗಿ 9,000 ಗಂಟೆ ಆಯಸ್ಸು, ಬಿಡದೆ ಉರಿದರೆ ಒಂದು ವರ್ಷದ ಲೆಕ್ಕ. ನಿಮ್ಮ ಯಂತ್ರದ ಪುಸ್ತಕದಲ್ಲಿ ಎಷ್ಟು ಅಂತ ನೋಡಿ. ಹಳೆಯದನ್ನು ಒಡೆದು ಕಸಕ್ಕೆ ಹಾಕಬೇಡಿ, ಒಳಗೆ ಪಾದರಸ ಇದೆ. ಉರಿಯುವಾಗ ಬರಿಗಣ್ಣಿನಲ್ಲಿ ಇಣುಕಲೂ ಬೇಡಿ.

ಕೋಲಾರದಿಂದ ಒಬ್ಬರು: ಅಕ್ಕಾ, ನಮ್ಮ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಇದೆ ಅಂತಾರೆ. ಯುವಿ ಹಾಕಿಸಿದರೆ ಹೋಗುತ್ತಾ?

ಉತ್ತರ: ಇಲ್ಲ ಅಣ್ಣಾ, ಒಂದು ಹನಿಯೂ ಕಡಿಮೆ ಆಗುವುದಿಲ್ಲ. ಫ್ಲೋರೈಡ್, ನೈಟ್ರೇಟ್, ಉಪ್ಪು ಯಾವುದನ್ನೂ ಬೆಳಕು ಮುಟ್ಟುವುದಿಲ್ಲ, ಅದು ಜೀವ ಇರುವುದರ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ದಾಟಿದ್ದರೆ ಆರ್‌ಓ, ಅಂದರೆ ನೀರಿನಲ್ಲಿ ಕರಗಿರುವುದನ್ನೂ ತಡೆಯುವ ಪೊರೆಯ ಫಿಲ್ಟರ್, ಬೇಕು. ಯುವಿ ಇದೆ ಅಂತ ಧೈರ್ಯ ಮಾಡಿ ಮಕ್ಕಳಿಗೆ ಆ ನೀರು ಕೊಡಬೇಡಿ, ದಯವಿಟ್ಟು.

ಕಮಿಟಿಯವರು: ಹಾಗಾದರೆ ನಾವು ಈಗ ಏನು ಮಾಡೋದು?

ಉತ್ತರ: ಮೊದಲು ಎಲ್ಲಿ ಕೆಡುತ್ತಿದೆ ಅಂತ ಪತ್ತೆ ಮಾಡಿ. ಯುವಿ ಮುಗಿದ ತಕ್ಷಣ ಒಂದು ಚಿಕ್ಕ ನಲ್ಲಿ ಕೂರಿಸಿ, ಅಲ್ಲಿಂದ ಒಂದು ಸ್ಯಾಂಪಲ್, ಮನೆ ನಲ್ಲಿಯಿಂದ ಒಂದು. ಲ್ಯಾಬ್‌ನವರೇ ಕೊಡುವ ಸ್ಟೆರೈಲ್ ಬಾಟಲಿ ತಗೊಂಡು, ಐಸ್ ಬಾಕ್ಸ್‌ನಲ್ಲಿಟ್ಟು ಅದೇ ದಿನ ತಲುಪಿಸಿ. ಯುವಿ ಹತ್ತಿರದ್ದೇ ಕೆಟ್ಟಿದ್ದರೆ ವೇಗ, ಸ್ಲೀವ್, ಫಿಲ್ಟರ್ ನೋಡಬೇಕು. ಅಲ್ಲಿ ಚೆನ್ನಾಗಿದ್ದು ನಲ್ಲಿಯದು ಕೆಟ್ಟಿದ್ದರೆ ಟ್ಯಾಂಕ್ ಉಜ್ಜಿ ತೊಳೆಸಿ, ಪೈಪ್‌ಗಳಿಗೂ ಸೇರಿಸಿ ಕ್ಲೋರಿನ್ ನೀರು ಹಾಯಿಸಿ, ಆ ನೀರನ್ನು ಪೂರ್ತಿ ಹೊರಗೆ ಬಿಡಿ. ಯಾವುದೇ ಆಗಲಿ, ಯುವಿ ನಂತರ ಸ್ವಲ್ಪ ಕ್ಲೋರಿನ್ ಸೇರುವ ವ್ಯವಸ್ಥೆ ಮಾಡಿಸಿ, ಕೊನೆಯ ಮನೆಯ ನಲ್ಲಿಯಲ್ಲಿ ಲೀಟರ್‌ಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಹನಿ ಹಾಕಿ ಬಣ್ಣ ನೋಡುವ ಕಿಟ್ ಸಿಗುತ್ತದೆ, ವಾಚ್‌ಮನ್‌ಗೂ ಕಲಿಸಬಹುದು. ಇನ್ನೊಂದು, ಯುವಿಯ ಕರೆಂಟ್ ಹೋದರೆ ಮೋಟರ್ ತಾನಾಗಿ ನಿಲ್ಲುವ ಹಾಗೆ ಎಲೆಕ್ಟ್ರಿಷಿಯನ್ ಹತ್ತಿರ ವೈರಿಂಗ್ ಮಾಡಿಸಿ. ರಿಪೋರ್ಟ್ ಬರುವವರೆಗೆ ಕುಡಿಯುವ ನೀರು ಚೆನ್ನಾಗಿ ಕುದಿಸಿ ಅಂತ ಎಲ್ಲಾ ಮನೆಗೂ ಇವತ್ತೇ ತಿಳಿಸಿ.