ರಿಪೇರಿಯವರನ್ನ ಕೇಳಿ: ಕೋಲಾರದ ನೀರು, ಕರೆಂಟು, ಮಷಿನ್ನು

ಅಡ್ಮಿನ್: ನಮ್ಮ ಗುಂಪಲ್ಲಿ "ಒಳ್ಳೆ ಮೆಕ್ಯಾನಿಕ್ ಇದ್ರೆ ನಂಬರ್ ಕೊಡಿ" ಅನ್ನೋ ಪೋಸ್ಟ್ ಬರದ ವಾರ ಇಲ್ಲ. ಅದರ ಕೆಳಗೇ ಜಗಳಾನೂ ಶುರುವಾಗುತ್ತೆ. ಅದಕ್ಕೇ ಕೋಲಾರ ಟೌನಲ್ಲಿ ವಾಷಿಂಗ್ ಮಷಿನ್, ಫ್ರಿಜ್ಜು, ಗೀಸರ್, ಮಿಕ್ಸಿ ರಿಪೇರಿ ಅಂಗಡಿ ಇಟ್ಟಿರೋ ನಮ್ಮ ಸದಸ್ಯರೊಬ್ಬರನ್ನ ಇವತ್ತು ಉತ್ತರ ಕೊಡೋಕೆ ಕೂರಿಸಿದ್ದೀವಿ. ಹೆಸರು, ನಂಬರ್ ಬೇಡ, ಜಾಹೀರಾತು ಅಂದ್ಕೋತಾರೆ ಅಂತ ಅವರೇ ಹೇಳಿದ್ರು. ಕೇಳಿ.

ಪ್ರಶ್ನೆ (ಮಾಲೂರು): ಅಣ್ಣ, ನಮ್ಮದು ಫ್ರಂಟ್ ಲೋಡ್ ಮಷಿನ್. ನೀರು ತಗೊಳ್ದೆ ಎರರ್ ತೋರಿಸಿ ನಿಂತುಬಿಡ್ತಿತ್ತು. ಮೆಕ್ಯಾನಿಕ್ ಬಂದು ಹಿಂದಿನ ಪೈಪ್ ಬಿಚ್ಚಿ, ಚಿಕ್ಕ ಜಾಲರಿ ಒಂದನ್ನ ತೊಳೆದು ವಾಪಸ್ ಹಾಕಿದ್ರು. ಹತ್ತು ನಿಮಿಷ ಕೂಡ ಆಗಲಿಲ್ಲ, 400 ರೂಪಾಯಿ ತಗೊಂಡ್ರು. ಒಂದು ಪಾರ್ಟೂ ಹಾಕಿಲ್ಲ. ಇದು ನ್ಯಾಯಾನಾ?

ಉತ್ತರ: ನ್ಯಾಯವೇ ಅಕ್ಕ, ಬೇಜಾರು ಮಾಡ್ಕೋಬೇಡಿ. ಅವರು "ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ, ಆರು ಸಾವಿರ" ಅಂದಿದ್ರೆ ನಿಮಗೆ ಗೊತ್ತಾಗ್ತಿತ್ತಾ? ಅದೇ ಎರರ್ ನೋಡಿ ಬೋರ್ಡ್ ಬದಲಾಯಿಸೋ ಜನಾನೂ ಇದ್ದಾರೆ.

ನಮ್ಮ ಜಿಲ್ಲೇಲಿ ನನ್ನ ಹತ್ತಿರ ಬರೋ ಕಂಪ್ಲೇಂಟಲ್ಲಿ ಬಹಳಷ್ಟಕ್ಕೆ ಮೂಲ ಮಷಿನ್ ಒಳಗೆ ಇರಲ್ಲ, ಹೊರಗಿರುತ್ತೆ. ಒಂದೋ ನೀರು, ಇಲ್ಲಾ ಕರೆಂಟು. ಸಾವಿರ ಅಡಿ ದಾಟಿದ ಬೋರಿಂದ ಬರೋ ಉಪ್ಪು ನೀರು, ಜೊತೆಗೆ ಸಣ್ಣ ಮರಳು. ಅದಕ್ಕೇ ನಾನು ಹೋದ ಮನೇಲಿ ಮೊದಲು ನಲ್ಲಿ ತಿರುಗಿಸಿ ನೋಡ್ತೀನಿ, ಆಮೇಲೆ ಪ್ಲಗ್ ಪಾಯಿಂಟಿಗೆ ಮೀಟರ್ ಹಿಡೀತೀನಿ. ಸ್ಕ್ರೂಡ್ರೈವರ್ ಕೈಗೆ ತಗೊಳ್ಳೋದು ಕೊನೇಲಿ. ಇಷ್ಟು ನೋಡಿ "ನಿಮ್ಮ ಮಷಿನ್ ಚೆನ್ನಾಗಿದೆ" ಅಂದ್ರೆ ಮನೆಯವರು ಖುಷಿ ಪಡಬೇಕಲ್ವಾ? ಮುಖ ಸಪ್ಪೆ ಮಾಡ್ಕೋತಾರೆ. ಪಾರ್ಟ್ ಹಾಕಿದ್ರೆ ಮಾತಾಡದೆ ಕೊಡ್ತಾರೆ, ಹಾಕದೇನೇ ಸರಿ ಮಾಡಿದ್ರೆ "ಬರೀ ತೊಳೆದಿದ್ದಕ್ಕೆ ಇಷ್ಟಾ?" ಅಂತಾರೆ. ಚೆನ್ನಾಗಿರೋ ಪಾರ್ಟ್ ಕಿತ್ತು ಹೊಸದು ಹಾಕೋ ಚಾಳಿ ನಮ್ಮೋರಿಗೆ ಅರ್ಧ ಕಲಿಸಿಕೊಟ್ಟಿದ್ದು ಗಿರಾಕಿಗಳೇ. ಕೋಪ ಬಂದ್ರೂ ಪರವಾಗಿಲ್ಲ, ಇದನ್ನ ಹೇಳಲೇಬೇಕಿತ್ತು.

ಮುಂದಿನ ಸಲ ನೀವೇ ಮಾಡ್ಕೊಳ್ಳಿ. ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಹಿಂದಿನ ಪೈಪ್ ಕೈಯಲ್ಲೇ ತಿರುಗಿಸಿ ಬಿಚ್ಚಿ. ಮಷಿನ್ ಕಡೆ ಬಾಯಲ್ಲಿ ಜಾಲರಿ ಕಾಣುತ್ತೆ, ಚಿಮ್ಮಟದಲ್ಲಿ ಮೆಲ್ಲಗೆ ಎಳೆದ್ರೆ ಈಚೆ ಬರುತ್ತೆ. ಬಿಳಿ ಕಟ್ಟಿದ್ರೆ ನಿಂಬೆ ಉಪ್ಪು ಕರಗಿಸಿದ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ. ಅದಕ್ಕೂ ಸರಿಹೋಗದಿದ್ರೆ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ನೋಡಿ. ಇಂಥ ಎಷ್ಟೋ ಮಷಿನ್ನುಗಳಿಗೆ ಕಡಿಮೆ ಅಂದ್ರೂ 0.3 ಬಾರ್ ಒತ್ತಡ ಬೇಕು, ಅಂದ್ರೆ ಟ್ಯಾಂಕಿನ ನೀರು ಮಷಿನ್ನಿಗಿಂತ ಸುಮಾರು 10 ಅಡಿ ಮೇಲಿರಬೇಕು. ಮೇಲಿನ ಮಹಡೀಲಿ ಮಷಿನ್ ಇಟ್ಟು, ಅದರ ತಲೆ ಮೇಲೆ ತಾರಸೀಲಿ ಟ್ಯಾಂಕ್ ಕೂರಿಸಿದ್ರೆ ಅಷ್ಟು ಸಿಗಲ್ಲ.

ಮಾಲೂರು: ನಮ್ಮದು ಮೇಲಿನ ಮಹಡಿನೇ ಅಣ್ಣ! ಟ್ಯಾಂಕ್ ಕೆಳಗೆ ಸ್ಟ್ಯಾಂಡ್ ಹಾಕಿಸ್ಬೇಕಾ?

ಉತ್ತರ: ಹಾಕಿಸಿ, ಇಲ್ಲಾಂದ್ರೆ ಚಿಕ್ಕ ಪ್ರೆಷರ್ ಪಂಪ್ ಇಡಿಸಿ. ಮೊದಲು ಜಾಲರಿ ತೊಳೆದು ಒಂದು ತಿಂಗಳು ನೋಡಿ. ಸುಮ್ಮನೆ ಖರ್ಚು ಮಾಡಬೇಡಿ.

ಪ್ರಶ್ನೆ (ಕೋಲಾರ ಟೌನ್): ಗೀಸರ್ ಕಾಯಿಲ್ ವರ್ಷಕ್ಕೊಂದು ಹೋಗ್ತಿದೆ. ಬಿಸಿ ಆಗುವಾಗ ಒಳಗೆ ಗುರುಗುರು ಅಂತ ಸದ್ದು. ಕಂಪನಿ ಬದಲಾಯಿಸಿದ್ರೂ ಅದೇ ಕತೆ.

ಉತ್ತರ: ಯಾವ ಕಂಪನಿ ತಂದ್ರೂ ನೀರು ಅದೇ ಅಲ್ವಾ ಸರ್. ಉಪ್ಪು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕಾಸಿದಾಗ ಅದು ಕಾಯಿಲ್ ಮೇಲೆ ಕಲ್ಲಿನಂಗೆ ಕಟ್ಟುತ್ತೆ. ಕಟ್ಟಿದ ಮೇಲೆ ಕಾಯಿಲ್ಲಿನ ಬಿಸಿ ನೀರಿಗೆ ಇಳಿಯಲ್ಲ, ಒಳಗೊಳಗೇ ಕಾದು ಕಾಯಿಲ್ಲಿನ ಹೊರಗಿನ ಕೊಳವೆ ಸೀಳುತ್ತೆ. ಆ ಗುರುಗುರು ಸದ್ದೂ ಆ ಪದರದ ಅಡಿ ಸಿಕ್ಕಿಬಿದ್ದ ನೀರು ಕುದಿಯೋದು. ಕುಡಿಯೋ ನೀರಿಗೆ ಭಾರತೀಯ ಮಾನಕದ ಪ್ರಕಾರ ಗಡಸುತನ (ಈ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳತೆ) ಲೀಟರಿಗೆ 200 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದ್ರೆ 600ರ ತನಕ ನಡೆಯುತ್ತೆ. ನಿಮ್ಮ ಬೋರ್ ನೀರನ್ನ ಒಂದು ಸಲ ಪರೀಕ್ಷೆ ಮಾಡಿಸಿ, ಅದರ ಮೇಲೆ ಗಡಸುತನ ತೆಗೆಯೋ ಸಾಫ್ಟ್‌ನರ್ ಬೇಕಾ ಬೇಡ್ವಾ ತೀರ್ಮಾನ ಮಾಡಿ.

ಖರ್ಚಿಲ್ಲದ ಕೆಲಸ ಒಂದಿದೆ. ಥರ್ಮೋಸ್ಟಾಟನ್ನ 50–55 ಡಿಗ್ರಿಗೆ ಇಳಿಸಿ. 60 ದಾಟಿದ್ರೆ ಉಪ್ಪು ಬೇಗ ಕಟ್ಟುತ್ತೆ. ವರ್ಷಕ್ಕೊಂದು ಸಲ ಬಿಚ್ಚಿಸಿ ಕ್ಲೀನ್ ಮಾಡಿಸಿ, ಆಗ ಒಳಗಿರೋ ಮೆಗ್ನೀಸಿಯಂ ಕಡ್ಡಿ (ಆನೋಡ್ ರಾಡ್) ಎಷ್ಟು ಉಳಿದಿದೆ ತೋರಿಸಿ ಅಂತ ಕೇಳಿ. ಟ್ಯಾಂಕ್ ತುಕ್ಕು ಹಿಡೀದಿರಲಿ ಅಂತ ತಾನು ಸವೆಯೋದೇ ಅದರ ಕೆಲಸ. ಸವೆದು ಹೋದ್ಮೇಲೆ ತುಕ್ಕು ಟ್ಯಾಂಕಿಗೆ ಬೀಳುತ್ತೆ.

ಇನ್ನೊಂದು, ಇದನ್ನ ಮಾತ್ರ ಮುಂದಕ್ಕೆ ಹಾಕಬೇಡಿ. ಕಾಯಿಲ್ ಸೀಳಿದ್ರೆ ಕರೆಂಟ್ ನೇರ ನೀರಿಗೆ ಬರುತ್ತೆ. ಅರ್ಥಿಂಗ್ ಸರಿಯಿದೆಯಾ ನೋಡಿಸಿ, ಮೇನ್ ಬೋರ್ಡಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕಾದ್ರೆ ತಕ್ಷಣ ಕಟ್ ಮಾಡೋ ಸ್ವಿಚ್) ಹಾಕಿಸಿ. ಅದು ಟ್ರಿಪ್ ಆಗ್ತಿದೆ ಅಂತ ಕಿತ್ತು ನೇರ ಕನೆಕ್ಷನ್ ಕೊಟ್ಟ ಮನೆಗಳನ್ನ ನೋಡಿದ್ದೀನಿ. ಅಂಥ ಕಡೆ ವೈರಿಂಗ್ ಸರಿ ಮಾಡಿಸೋ ತನಕ ಗೀಸರ್ ಮುಟ್ಟಲ್ಲ ಅಂತ ಹೇಳಿ ಬಂದಿದ್ದೀನಿ.

ಪ್ರಶ್ನೆ (ಕೆ.ಜಿ.ಎಫ್., ರಾಬರ್ಟ್‌ಸನ್‌ಪೇಟೆ): ಮಿಕ್ಸಿ ರುಬ್ಬುತ್ತಾ ರುಬ್ಬುತ್ತಾ ನಿಂತುಹೋಗುತ್ತೆ. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಓಡುತ್ತೆ. ಮೋಟರ್ ಹೋಯ್ತಾ?

ಉತ್ತರ: ಹೋಗಿಲ್ಲ. ತಲೆಕೆಳಗು ಮಾಡಿ ನೋಡಿ, ಕೆಂಪು ಗುಂಡಿ ಇರುತ್ತೆ, ಓವರ್‌ಲೋಡ್ ಸ್ವಿಚ್. ಆರಿದ ಮೇಲೆ ಒತ್ತಿ. ಜಾರ್ ಅರ್ಧ ಮಾತ್ರ ತುಂಬಿ, ಗಟ್ಟಿ ಚಟ್ನಿಗೆ ಆಗಾಗ ನಿಲ್ಲಿಸಿ ಬಿಡುವು ಕೊಡಿ. ಜಾರ್ ತಳದ ಬ್ಲೇಡನ್ನ ಕೈಯಲ್ಲಿ ಹುಷಾರಾಗಿ ತಿರುಗಿಸಿ, ಸಲೀಸಾಗಿ ತಿರುಗದಿದ್ರೆ ಬುಷ್ (ಬ್ಲೇಡಿನ ಕಡ್ಡಿ ತಿರುಗೋ ಬಳೆ) ಬಿಗಿಯಾಗಿದೆ. ಸಂಜೆ ಹೊತ್ತಲ್ಲಿ ಮಾತ್ರ ಹಿಂಗಾಗುತ್ತೆ ಅಂದ್ರೆ ವೋಲ್ಟೇಜ್ ನೋಡಿಸಿ, 230 ಇರಬೇಕಾದ್ದು 180ಕ್ಕೆ ಇಳಿದಿರಬಹುದು. 1902ರಲ್ಲೇ ಶಿವನಸಮುದ್ರದಿಂದ ಗಣಿಗೆ ಅಂತ ಕರೆಂಟ್ ಎಳೆದ ಊರು ನಿಮ್ಮದು, ಬೆಂಗಳೂರಿಗಿಂತ ಮುಂಚೆ. ಅಲ್ಲಿ ಮಿಕ್ಸಿಗೆ ವೋಲ್ಟೇಜ್ ಸಾಲಲ್ಲ ಅಂದ್ರೆ ನಗಬೇಕೋ ಅಳಬೇಕೋ.

ಪ್ರಶ್ನೆ (ಶ್ರೀನಿವಾಸಪುರ): ಫ್ರಿಜ್ಜಿಗೆ ಆರಾರು ತಿಂಗಳಿಗೆ ಗ್ಯಾಸ್ ಹಾಕಿಸ್ತಾ ಇವ್ನಿ. ಸಲಕ್ಕೆ 2500. ಗ್ಯಾಸ್ ಖಾಲಿ ಆಗೈತೆ ಅಂತಾರೆ. ಎಷ್ಟು ದಿನಕ್ಕೆ ಒಂದ್ಸಲ ಹಾಕಿಸ್ಬೇಕು?

ಉತ್ತರ: ಒಂದು ಸಲಾನೂ ಬೇಡ ಅಣ್ಣ. ಫ್ರಿಜ್ಜಲ್ಲಿ ಗ್ಯಾಸ್ ಖರ್ಚಾಗಲ್ಲ. ಸುತ್ತ ಮುಚ್ಚಿದ ಪೈಪಲ್ಲಿ ಅದೇ ಗ್ಯಾಸ್ ಸುತ್ತುತ್ತಾ ಇರುತ್ತೆ. ಕಡಿಮೆ ಆಗಿದೆ ಅಂದ್ರೆ ಎಲ್ಲೋ ಲೀಕಿದೆ. ಲೀಕ್ ಹುಡುಕದೆ ತುಂಬಿದ್ರೆ ತೂತಾದ ಬಿಂದಿಗೆಗೆ ನೀರು ಹೊತ್ತಂಗೆ. ನೈಟ್ರೋಜನ್ ಹೊಡೆದು, ಸೋಪಿನ ನೊರೆ ಹಚ್ಚಿ, ಗುಳ್ಳೆ ಎಲ್ಲೇಳುತ್ತೆ ನೋಡಬೇಕು. ಹುಡುಕಿ ಬೆಸುಗೆ ಹಾಕಿದ ಮೇಲೆ ತೇವ ಹೀರೋ ಫಿಲ್ಟರ್ ಡ್ರೈಯರ್ ಹೊಸದು ಹಾಕಿ, ಪೈಪಲ್ಲಿರೋ ಗಾಳಿ ಎಳೆದು ವ್ಯಾಕ್ಯೂಮ್ ಮಾಡಿ, ಆಮೇಲೆ ಗ್ಯಾಸ್. ಇಷ್ಟಕ್ಕೂ ಅರ್ಧ ದಿನ ಹಿಡಿಯುತ್ತೆ. ಅರ್ಧ ಗಂಟೇಲಿ ಹಾಕಿಕೊಟ್ಟು ಹೋದ್ರು ಅಂದ್ರೆ ಯಾವುದನ್ನ ಬಿಟ್ರು ಅಂತ ನೀವೇ ಲೆಕ್ಕ ಹಾಕಿ. ಬಿಲ್ಲಲ್ಲಿ "ಗ್ಯಾಸ್" ಅಂತ ಮಾತ್ರ ಬರೆಸ್ಕೋಬೇಡಿ, ಲೀಕ್ ಎಲ್ಲಿತ್ತು ಅನ್ನೋದನ್ನೂ ಬರೆಸಿ.

ಯಾವ ಗ್ಯಾಸ್ ಅಂತ ಕಂಪ್ರೆಸರ್ ಮೇಲಿನ ಚೀಟಿ ಓದಿ. ಆರ್ 134ಎ ಅಂತಿರಬಹುದು, ಈಗಿನ ಫ್ರಿಜ್ಜಾದ್ರೆ ಆರ್ 600ಎ. ಈ 600ಎ ಅಂದ್ರೆ ಐಸೊಬ್ಯೂಟೇನ್, ಅಡುಗೆ ಗ್ಯಾಸಿನ ಅಣ್ಣತಮ್ಮ. ಒಂದು ಬಾಗಿಲಿನ ಫ್ರಿಜ್ಜಿಗೆ 50 ಗ್ರಾಂ ಆಸುಪಾಸು ಅಷ್ಟೇ, ಆದ್ರೆ ಬೆಂಕಿ ಹತ್ತುತ್ತೆ. ಅಡುಗೆಮನೇಲಿ ಒಲೆ ಪಕ್ಕ ಬೆಸುಗೆ ದೀಪ ಹಚ್ಚೋಕೆ ಬಿಡಬೇಡಿ. ಗ್ಯಾಸ್ ಹೊರಗೆ ಬಿಟ್ಟು, ಗಾಳಿ ಆಡೋ ಕಡೆ ಮಾಡಿಸಿ. ಮತ್ತೆ ಮನೇಲಿ ಯಾರಾದ್ರೂ ಫ್ರೀಜರ್ ಐಸನ್ನ ಚಾಕೂಲಿ ಕೆರೀತಾರಾ? ಎಷ್ಟೋ ಲೀಕಿನ ಮೂಲ ಆ ಚಾಕುನೇ.

ಶ್ರೀನಿವಾಸಪುರ: ನಮ್ಮನೆಯವ್ರು ಕೆರೀತಾರೆ. ತೋರಿಸ್ದೆ ಈ ಮೆಸೇಜು. ಈಗ ನನ್ನೇ ಬೈತಾವ್ರೆ.

ಉತ್ತರ: 😄 ಹಂಗೇ ಮಾವಿನ ಕಾಲದಲ್ಲಿ ಹಣ್ಣನ್ನ ಒತ್ತೊತ್ತಿ ತುಂಬಬೇಡಿ ಅಂತಾನೂ ಹೇಳಿ, ಒಳಗೆ ಗಾಳಿ ಆಡ್ಬೇಕು.

ಪ್ರಶ್ನೆ (ಬಂಗಾರಪೇಟೆ): ಗೂಗಲ್ಲಲ್ಲಿ ಸಿಕ್ಕಿದ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡ್ದೆ. ರಿಜಿಸ್ಟ್ರೇಷನ್ನಿಗೆ 10 ರೂಪಾಯಿ ಕಟ್ಟಿ, ಒಂದು ಆ್ಯಪ್ ಹಾಕ್ಕೊಳ್ಳಿ ಅಂತಿದ್ದಾರೆ.

ಉತ್ತರ: ಹಾಕ್ಕೋಬೇಡಿ, ಫೋನ್ ಇಡಿ. ಕಂಪನಿ ನಂಬರ್ ನಿಮ್ಮ ವಾರಂಟಿ ಕಾರ್ಡಲ್ಲೋ ಮಷಿನ್ ಮೇಲಿನ ಸ್ಟಿಕರಲ್ಲೋ ಇರುತ್ತೆ. ದುಡ್ಡು ಹೋಗಿದ್ರೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ವಾರಂಟಿ ಇದ್ರೂ ಕಂಪನಿಯವರು ಆಟ ಆಡಿಸ್ತಿದ್ರೆ ಗ್ರಾಹಕರ ಸಹಾಯವಾಣಿ 1915.

ಪ್ರಶ್ನೆ (ಮುಳಬಾಗಿಲು): ಸರ್, ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದೀನಿ. ಬಸ್ ಸ್ಟ್ಯಾಂಡ್ ಹತ್ತಿರ ಚಿಕ್ಕ ಅಂಗಡಿ ಹಾಕೋಣ ಅಂತ. ಕೆಲಸಕ್ಕೆ ಹೆದರಿಕೆ ಇಲ್ಲ. ಜನರ ಜೊತೆ ಚೌಕಾಸಿ, ಉದ್ರಿ, ನೆಂಟರು... ಅದಕ್ಕೇ ಹೆದರಿಕೆ.

ಉತ್ತರ: ಸರಿಯಾದ್ದಕ್ಕೇ ಹೆದರ್ತಿದ್ದೀಯ ತಮ್ಮ. ನಮ್ಮ ಕಸುಬಲ್ಲಿ ಜಗಳ ಎಲ್ಲಾ ಹುಟ್ಟೋದು ಬಿಚ್ಚಿದ ಮೇಲೆ. ಅದಕ್ಕೇ ಮಾತು ಎಲ್ಲಾ ಬಿಚ್ಚೋಕೆ ಮುಂಚೆ ಮುಗಿಸ್ಕೋ. "ನೋಡೋಕೆ ಇಷ್ಟು. ಕಂಪ್ಲೇಂಟ್ ಏನು ಅಂತ ಹೇಳ್ತೀನಿ. ರಿಪೇರಿ ಮಾಡಿಸಿದ್ರೆ ಈ ದುಡ್ಡು ಅದರಲ್ಲೇ ಮುರ್ಕೋತೀನಿ, ಬೇಡ ಅಂದ್ರೆ ಇಷ್ಟು ಕೊಟ್ಟುಬಿಡಿ." ಫೋನಲ್ಲೇ ಹೇಳು, ಬೋರ್ಡಲ್ಲೂ ಬರೆಸು. ನಾನು ಟೌನ್ ಒಳಗೆ 250 ತಗೋತೀನಿ. ಇದನ್ನ ಕೇಳಿ ಫೋನ್ ಇಡೋರು ಇಡ್ತಾರೆ, ಇಡಲಿ. ನೋಡೋಕೆ ದುಡ್ಡು ಬೇಡ ಅಂತ ಹೋದೋನು ಆ ದುಡ್ಡನ್ನ ಪಾರ್ಟಲ್ಲಿ ಸೇರಿಸಲೇಬೇಕು. ಅಲ್ಲಿಂದಲೇ ಸುಳ್ಳು ಶುರು.

ಅಂಗಡಿಗೆ ಬಂದ ಸಾಮಾನಿಗೆ ಚೀಟಿ ಬರಿ. ಸೀರಿಯಲ್ ನಂಬರ್, ಏನು ಕಂಪ್ಲೇಂಟ್, ಜೊತೆಗೆ ಜಾರ್, ಮುಚ್ಚಳ, ಪೈಪ್ ಏನೇನು ಬಂತು ಎಲ್ಲಾ. ಮೊದಲೇ ಇದ್ದ ಗೀರು, ಒಡಕು ಫೋಟೋ ತೆಗೆದಿಟ್ಕೋ. "ಕೊಟ್ಟಾಗ ಚೆನ್ನಾಗಿತ್ತು" ಅನ್ನೋ ಮಾತಿಗೆ ಫೋಟೋಗಿಂತ ಒಳ್ಳೆ ಉತ್ತರ ಇಲ್ಲ. ತೆಗೆದ ಹಳೇ ಪಾರ್ಟ್ ಕೇಳದೇನೇ ಗಿರಾಕಿ ಕೈಗೆ ಕೊಡು. ಒಂದು ಸರಿ ಮಾಡುವಾಗ ಇನ್ನೊಂದು ಕಂಡ್ರೆ ಫೋನ್ ಮಾಡಿ ಕೇಳು, ನೀನಾಗೇ ಮಾಡಿ ಬಿಲ್ಲಿಗೆ ಸೇರಿಸ್ಬೇಡ. ಅದೇ ಕಂಪ್ಲೇಂಟ್ ತಿಂಗಳೊಳಗೆ ಬಂದ್ರೆ ಕೂಲಿ ತಗೋಬೇಡ, ಬೇರೆ ಕಂಪ್ಲೇಂಟಾದ್ರೆ ಬೇರೆ ಅಂತ ಚೀಟೀಲೇ ಇರಲಿ. ಇಲ್ಲಾಂದ್ರೆ ಬೆಲ್ಟ್ ಹಾಕಿದ ಮಷಿನ್ನಿನ ಬಾಗಿಲು ಮುರಿದ್ರೂ "ನೀವು ಮುಟ್ಟಿದ ಮೇಲೇ" ಅಂತಾರೆ.

ನೆಂಟರಿಗೆ ಕೂಲಿ ಬಿಡು, ಪಾರ್ಟ್ ದುಡ್ಡು ಬಿಡಬೇಡ. ಪಾರ್ಟ್ ಮಾರೋ ಬೆಂಗಳೂರು ಎಸ್.ಪಿ. ರೋಡಿನ ಅಂಗಡಿಯವನು ನಿನಗೆ ನೆಂಟನಲ್ಲ. ಉದ್ರಿ ಬಗ್ಗೆ ಉಪದೇಶ ಮಾಡಲ್ಲ, ರೈತರ ಊರು, ಟೊಮೆಟೊ ರೇಟ್ ಬಿದ್ದಾಗ ಕೊಡೋಕಾಗಲ್ಲ ಅನ್ನೋದು ನಮಗೂ ಗೊತ್ತು. ಆದ್ರೂ ಪಾರ್ಟಿನಷ್ಟು ದುಡ್ಡು ಮುಂಗಡ ತಗೋ. ಮುಂಗಡ ಕೊಟ್ಟೋರು ಸಾಮಾನು ತಗೊಂಡು ಹೋಗೋಕೆ ಬರ್ತಾರೆ, ಕೊಡದೋರ ಮಿಕ್ಸಿಗಳು ನನ್ನ ಅಟ್ಟದ ಮೇಲೆ ಈಗಲೂ ಇವೆ.

ಮನೆಗೆ ಹೋಗುವಾಗ ಹೊರಡೋಕೆ ಮುಂಚೆ ಫೋನ್ ಮಾಡು. ಹೆಣ್ಣುಮಕ್ಕಳು ಒಬ್ಬರೇ ಇದ್ರೆ ಬಾಗಿಲು ತೆಗೆದೇ ಇರಲಿ ಅಂತ ನೀನೇ ಹೇಳು.

ಟೆಸ್ಟರ್ ಒಂದನ್ನೇ ನಂಬಬೇಡ. ಮೀಟರಲ್ಲಿ ಫೇಸ್–ನ್ಯೂಟ್ರಲ್ ನೋಡಿದ ಮೇಲೆ ನ್ಯೂಟ್ರಲ್–ಅರ್ಥ್ ನೋಡು. ಎರಡು ಮೂರು ವೋಲ್ಟ್ ಬಂದ್ರೆ ಸರಿ, ಇಪ್ಪತ್ತು ಮೂವತ್ತು ಬಂದ್ರೆ ಮೊದಲು ಮನೆ ವೈರಿಂಗ್ ಅಂತ ಹೇಳು. ಮೈಕ್ರೋವೇವನ್ನ ಒಬ್ಬರ ಕೈ ಕೆಳಗೆ ಕಲಿಯೋ ತನಕ ಬಿಚ್ಚಲೇಬೇಡ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಲ್ಲಿ ಜೀವ ತೆಗೆಯೋಷ್ಟು ಚಾರ್ಜ್ ಉಳಿದಿರಬಹುದು.

ಮುಳಬಾಗಿಲು: ಥ್ಯಾಂಕ್ಸ್ ಸರ್. ಗಿರಾಕಿ ಮುಂದೆ ಕಂಪ್ಲೇಂಟ್ ಗೊತ್ತಾಗದಿದ್ರೆ ಏನು ಹೇಳೋದು?

ಉತ್ತರ: "ಗೊತ್ತಾಗ್ತಿಲ್ಲ, ನಾಳೆ ಇನ್ನೊಬ್ಬರನ್ನ ಕರ್ಕೊಂಡು ಬರ್ತೀನಿ" ಅಂತ ಹೇಳು. ಆ ದಿನದ ಚಾರ್ಜ್ ತಗೋಬೇಡ. ಅಂದಾಜಿಗೆ ಬೋರ್ಡ್ ಮಾತ್ರ ಬದಲಾಯಿಸ್ಬೇಡ.

ಪ್ರಶ್ನೆ (ವೇಮಗಲ್): ನಮ್ಮ ಅಪ್ಪನ ಕಾಲದ ಫ್ರಿಜ್ಜು, ಕಂಪ್ರೆಸರ್ ಹೋಗಿದೆ ಅಂದ್ರು. ಮಾಡಿಸೋದಾ, ಗುಜರಿಗೆ ಹಾಕೋದಾ?

ಉತ್ತರ: ರಿಪೇರಿ ಖರ್ಚು ಹೊಸದರ ಅರ್ಧ ಮುಟ್ಟಿದ್ರೆ ಬೇಡ. ಆದ್ರೆ ಕಂಪ್ರೆಸರ್ ಅನ್ನೋಕೆ ಮುಂಚೆ ಅದರ ಪಕ್ಕದ ರಿಲೇ (ಅದನ್ನ ಸ್ಟಾರ್ಟ್ ಮಾಡೋದು) ಮತ್ತೆ ಓವರ್‌ಲೋಡ್ ಸ್ವಿಚ್ ನೋಡಿದ್ರಾ ಕೇಳಿ. ಅವೆರಡು ಕೆಟ್ರೂ ಫ್ರಿಜ್ಜು "ಟಿಕ್" ಅಂದು ಸುಮ್ಮನಾಗುತ್ತೆ, ಕೆಲವು ನೂರು ರೂಪಾಯಲ್ಲಿ ಮುಗಿಯುತ್ತೆ. ಗುಜರಿಗೆ ಹಾಕೋದೇ ಆದ್ರೆ ಬಾಗಿಲು ಕಿತ್ತು ಹಾಕಿ. ಹಿತ್ತಲಲ್ಲಿ ಇಟ್ಟ ಹಳೇ ಫ್ರಿಜ್ಜೊಳಗೆ ಆಟಕ್ಕೆ ಮಕ್ಕಳು ಸೇರ್ಕೊಂಡ್ರೆ ಒಳಗಿಂದ ತೆಗೆಯೋಕೆ ಬರಲ್ಲ.