ನೈಟ್ ಶಿಫ್ಟ್ ಇದ್ದಾಗ ಪ್ರಾರ್ಥನೆಗೆ ಯಾವ ಹೊತ್ತು? ಸಹಾಯ ಬೇಕು

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಬಳ್ಳಾರಿಯಿಂದ ತೋರಣಗಲ್ಲಿನ ಕಡೆ ಶಿಫ್ಟ್ ಕೆಲಸಕ್ಕೆ ಹೋಗುತ್ತೇನೆ. ನೈಟ್ ಮುಗಿಸಿ ಬಂದು ಬೈಬಲ್ ತೆರೆದರೆ ಎರಡು ವಚನ ಓದುವಷ್ಟರಲ್ಲಿ ಕಣ್ಣು ಎಳೆಯುತ್ತವೆ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಆಡಿಯೊ ಬೈಬಲ್ ಕೇಳಿದೆ. ಕಿವಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಭಾನುವಾರದ ಆರಾಧನೆಯೂ ಎಷ್ಟೋ ಸಲ ತಪ್ಪುತ್ತದೆ, ಅದಂತೂ ಜಾಸ್ತಿ ನೋವು.

ಪಾಸ್ಟರ್ ಮಾರ್ಕ 1:35 ತೋರಿಸಿದರು. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು, ಜನರಿಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸಿದ್ದು. ಆದರೆ ಆ ಹೊತ್ತಿಗೆ ನಾನು ಡ್ಯೂಟಿಯಲ್ಲೇ ಇರುತ್ತೇನಲ್ವಾ? ಬೈಬಲಿನ ಪ್ರವಾದಿ ದಾನಿಯೇಲನ ಹಾಗೆ ದಿನಕ್ಕೆ ಮೂರು ಸಲ ಪ್ರಾರ್ಥನೆ ಅಂದರೂ ಶಿಫ್ಟ್ ಬದಲಾದ ಕೂಡಲೇ ಎಲ್ಲ ತಪ್ಪುತ್ತದೆ. ದೇವರ ಜೊತೆ ಸುಮ್ನೆ ಕೂತು ಮಾತಾಡಬೇಕು ಅಂತ ತುಂಬಾ ಆಸೆ ಇದೆ.

ಶಿಫ್ಟ್‌ನಲ್ಲಿ ದುಡಿಯುವ ವಿಶ್ವಾಸಿಗಳೇ, ನೈಟ್ ವಾರದಲ್ಲಿ ನೀವು ಪ್ರಾರ್ಥನೆಗೆ ಕೂರುವುದು ಮಲಗುವ ಮುಂಚೆಯೋ, ನಿದ್ದೆ ಮಾಡಿ ಎದ್ದ ಮೇಲೋ?