ಹಳೆಯ ಸ್ಪೀಕರ್ ಜೋಡಿಯ ದುರಸ್ತಿ: ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು?

ಕೋಲಾರದಿಂದ ಪ್ರಶ್ನೆ

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ 1980ರ ದಶಕದ ಒಂದು ಜೋಡಿ ಸ್ಪೀಕರ್‌ಗಳನ್ನು ಮೂರು ಸಾವಿರ ರೂಪಾಯಿಗೆ ಕೊಂಡಿದ್ದೇನೆ. ತಗ್ಗು ಸದ್ದಿಗೆ ಹತ್ತು ಇಂಚಿನ ವೂಫರ್, ನಡುವೆ ಒಂದು ಚಿಕ್ಕ ಕೋನ್, ಮೇಲೆ ಏರು ಸದ್ದಿಗೆ ಒಂದು ರೇಷ್ಮೆ ಗುಮ್ಮಟದ ಟ್ವೀಟರ್ ಇರುವ, ಎಲ್ಲ ಕಡೆಯೂ ಮುಚ್ಚಿದ ಪೆಟ್ಟಿಗೆಗಳು ಇವು. ವೂಫರ್ ಅಂಚಿನ ಫೋಮ್ ಬೆರಳು ತಾಗಿದರೆ ಪುಡಿಯಾಗಿ ಉದುರುತ್ತದೆ, ಎಡಗಡೆಯ ಟ್ವೀಟರ್‌ನಿಂದ ಸದ್ದೇ ಇಲ್ಲ, ಒಂದು ಪೆಟ್ಟಿಗೆಯ ತಳ ನೀರು ಕುಡಿದು ಉಬ್ಬಿದೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ವೂಫರ್‌ನ ಕೋನ್ (ಅದುರುವ ಕಾಗದದ ಬಟ್ಟಲು) ಮತ್ತು ಕಾಯಿಲ್ (ಅದನ್ನು ಅಲುಗಿಸುವ ತಂತಿಯ ಸುರುಳಿ) ಎರಡನ್ನೂ ಹೊಸದಾಗಿ ಹಾಕಿಸಿ, ಇಲ್ಲವೇ ಒಳಗಿನದನ್ನೆಲ್ಲ ತೆಗೆದು ಕಾರಿನ ಸ್ಪೀಕರ್ ಕೂರಿಸಿ ಎನ್ನುತ್ತಾರೆ. ಇಂಥ ಕೆಲಸ ಮಾಡಿದವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕು.

ತುಮಕೂರಿನಿಂದ

ಆ ಎರಡೂ ಸಲಹೆಗಳನ್ನು ಸದ್ಯಕ್ಕೆ ಬದಿಗಿಡಿ. ನಮ್ಮ ಊರುಗಳಲ್ಲಿ ಸ್ಪೀಕರ್ ರಿಪೇರಿ ಮಾಡುವವರು ಹೆಚ್ಚಾಗಿ ಮೈಕ್‌ಸೆಟ್ ಅಂಗಡಿಗಳ ಕೆಲಸದಲ್ಲಿ ಪಳಗಿದವರು. ಜಾತ್ರೆ, ಮದುವೆಗಳಲ್ಲಿ ರಾತ್ರಿಯಿಡೀ ಕೂಗಬೇಕಾದ ಸ್ಪೀಕರ್‌ಗೆ ದಪ್ಪ ಕೋನ್, ಗಟ್ಟಿ ಕಾಯಿಲ್ ಹಾಕುವುದು ಸರಿಯಾದ ಚಿಕಿತ್ಸೆಯೇ. ಆದರೆ ಮನೆಯಲ್ಲಿ ಕೇಳುವ ವೂಫರ್‌ನ ಕೋನಿನ ತೂಕ ಮತ್ತು ಅದನ್ನು ತೂಗಿ ಹಿಡಿದ ಅಂಚಿನ ಮೆದುತನವನ್ನು ಪೆಟ್ಟಿಗೆಯ ಅಳತೆಗೆ ಹೊಂದಿಸಿ ಲೆಕ್ಕ ಹಾಕಿರುತ್ತಾರೆ, ಅದನ್ನು ಬದಲಿಸಿದರೆ ಪೆಟ್ಟಿಗೆ ಹಳೆಯದಾಗಿ ಉಳಿದು ದನಿ ಮಾತ್ರ ಬೇರೆಯಾಗುತ್ತದೆ. ಕಾರಿನ ಸ್ಪೀಕರ್‌ಗಳು ಸಾಮಾನ್ಯವಾಗಿ 4 ಓಮ್‌ನವು, ನಿಮ್ಮ ಪೆಟ್ಟಿಗೆಯಲ್ಲಿ ಮೂರು ಸ್ಪೀಕರ್‌ಗಳಿಗೆ ಸದ್ದನ್ನು ಹಂಚುವ ಕ್ರಾಸ್‌ಓವರ್ ಬಹುಶಃ 8 ಓಮ್‌ಗೆ ಹೊಂದಿಸಿದ್ದು; ಆ ದಾರಿಯ ಬಗ್ಗೆ ಹೆಚ್ಚು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಮೊದಲು ಕಾಯಿಲ್ ಜೀವಂತವಾಗಿದೆಯೇ ಎಂದು ನೋಡಬೇಕು. ವೂಫರ್‌ನ ತಂತಿಯೊಂದನ್ನು ಬಿಡಿಸಿ ಮಲ್ಟಿಮೀಟರ್‌ನಲ್ಲಿ ಅಳೆದರೆ 8 ಓಮ್ ಎಂದು ಬರೆದಿರುವ ಸ್ಪೀಕರ್ ಸಾಮಾನ್ಯವಾಗಿ ಐದೂವರೆಯಿಂದ ಏಳರವರೆಗೆ ತೋರಿಸುತ್ತದೆ, ಅದು ದೋಷವಲ್ಲ. ಬಳಿಕ ಕೋನಿನ ಎರಡು ಎದುರುಬದುರು ಬದಿಗಳಲ್ಲಿ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ, ಒಳಗಿನಿಂದ ಕರಕರ ಎಂದು ಉಜ್ಜುವ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಿ. ಫೋಮ್ ಹರಿದು ಕೋನ್ ಒಂದು ಕಡೆಗೆ ವಾಲಿದ್ದರೆ ಸ್ವಲ್ಪ ಉಜ್ಜಬಹುದು; ನೆಟ್ಟಗೆ ಹಿಡಿದು ಒತ್ತಿದಾಗ ಸದ್ದು ನಿಲ್ಲುವುದಾದರೆ ನಿಮ್ಮ ಕೋನ್, ಕಾಯಿಲ್ ಎರಡೂ ಚೆನ್ನಾಗಿವೆ, ಸತ್ತಿರುವುದು ಅಂಚಿನ ಫೋಮ್ ಮಾತ್ರ. ಹೇಗೆ ಒತ್ತಿದರೂ ಉಜ್ಜುತ್ತಿದ್ದರೆ, ಸ್ಪೀಕರ್ ಎಂದೋ ಕೆಳಗೆ ಬಿದ್ದು ಮ್ಯಾಗ್ನೆಟ್ ಸರಿದಿರುವ ಸಂಭವವಿದೆ, ಅಂಥದ್ದಕ್ಕೆ ಹಣ ಸುರಿಯಬೇಡಿ.

ಈ ಫೋಮ್ ಪಾಲಿಯುರೆಥೇನ್‌ನಿಂದ ಮಾಡಿದ್ದು. ಗಾಳಿಯ ತೇವ ಮತ್ತು ಆಮ್ಲಜನಕ ಅದರ ಕಣಗಳ ಬೆಸುಗೆಯನ್ನು ನಿಧಾನವಾಗಿ ಬಿಡಿಸುತ್ತಾ ಹೋಗುವುದರಿಂದ, ಹದಿನೈದು ಇಪ್ಪತ್ತು ವರ್ಷಗಳಲ್ಲಿ, ಸ್ಪೀಕರನ್ನು ಒಮ್ಮೆಯೂ ಬಳಸದೆ ಬೀರುವಿನಲ್ಲಿ ಇಟ್ಟಿದ್ದರೂ, ಅದು ಪುಡಿಯಾಗುವುದು ಖಚಿತ. ಅಂಚಿಗೆ ಬಟ್ಟೆ ಅಥವಾ ರಬ್ಬರ್ ಇರುವ ಅದೇ ಕಾಲದ ಸ್ಪೀಕರ್‌ಗಳು ಇಂದಿಗೂ ಸರಿಯಾಗಿ ಇರುವುದು ಈ ಕಾರಣಕ್ಕೆ.

ಹೊಸ ಫೋಮ್ ರಿಂಗ್ ತರಿಸುವ ಮುನ್ನ ‘ಹತ್ತು ಇಂಚು’ ಎಂಬ ಮಾತನ್ನು ನಂಬಬೇಡಿ. ಚೌಕಟ್ಟಿನ ಮೇಲೆ ಫೋಮ್ ಕೂರುವ ಜಾಗದ ಒಳ ಮತ್ತು ಹೊರ ವ್ಯಾಸ, ಕಾಗದದ ಕೋನಿನ ಹೊರ ವ್ಯಾಸ, ಫೋಮ್‌ನ ಉಬ್ಬಿದ ಮಡಿಕೆಯ ಅಗಲ, ಇವನ್ನು ಮಿಲಿಮೀಟರ್‌ಗಳಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಹತ್ತು ಇಂಚಿನ ಹೆಸರಿನಲ್ಲೇ ಹಲವು ಅಳತೆಗಳ ರಿಂಗ್‌ಗಳಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸುವುದಾದರೆ ಬರಿಗೈಯಲ್ಲಿ ಹೋಗದೆ ಈ ಚೀಟಿಯೊಂದಿಗೆ ಹೋಗಿ. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಸ್ವಲ್ಪ ಸ್ವಲ್ಪವೇ ಒರೆಸಿ ತೆಗೆಯಬೇಕು. ಪೇಂಟ್ ಥಿನ್ನರ್ ಬೇಡ, ಅದು ಹರಿದು ಹೋಗಿ ಕಾಯಿಲ್‌ನ ಅಂಟನ್ನೂ ಸಡಿಲಿಸೀತು. ಅಂಟಿನ ವಿಷಯದಲ್ಲಿ ನನ್ನ ಆಯ್ಕೆ ನೀರು ಬೆರೆತ ಬಿಳಿ ಅಂಟು: ಹಳದಿ ರಬ್ಬರ್ ಅಂಟು ತಾಗಿದ ಕೂಡಲೇ ಕಚ್ಚಿಕೊಳ್ಳುವುದರಿಂದ ಸರಿಪಡಿಸಲು ಅವಕಾಶವಿಲ್ಲ, ಬಿಳಿಯದು ಕೆಲವು ನಿಮಿಷ ಸಮಯ ಕೊಡುತ್ತದೆ.

ಫೋಮನ್ನು ಮೊದಲು ಕೋನಿಗೆ ಅಂಟಿಸಿ ಒಂದು ರಾತ್ರಿ ಒಣಗಲು ಬಿಡಿ, ಆಮೇಲೆ ಚೌಕಟ್ಟಿಗೆ ಅಂಟಿಸಿ. ಈ ಎರಡನೆಯ ಹಂತದಲ್ಲಿ ಕಾಯಿಲ್ ನಡುಮಧ್ಯದಲ್ಲಿ ನಿಲ್ಲುವಂತೆ ನೋಡಿಕೊಳ್ಳುವುದೇ ಇಡೀ ಕೆಲಸದ ಕಷ್ಟದ ಭಾಗ. ಕೋನಿನ ನಡುವಿನ ಟೋಪಿಯನ್ನು ಕತ್ತರಿಸಿ ತೆಗೆದು, ಕಾಯಿಲ್ ಸುತ್ತ ಹಳೆಯ ಫೋಟೊ ಫಿಲ್ಮ್‌ನ ಪಟ್ಟಿಗಳನ್ನು ಸಿಕ್ಕಿಸುವುದು ಒಂದು ಕ್ರಮ. ಟೋಪಿಗೆ ಕೈ ಹಾಕದೆ, ಆಂಪ್ಲಿಫೈಯರ್‌ನಿಂದ 20–30 ಹರ್ಟ್ಸ್‌ನ ಸದ್ದನ್ನು ತೀರಾ ಸಣ್ಣದಾಗಿ ನುಡಿಸುತ್ತಾ, ಉಜ್ಜುವ ಸದ್ದು ಅಡಗುವವರೆಗೆ ಫೋಮನ್ನು ಬೆರಳಿನಿಂದ ಅತ್ತಿತ್ತ ಸರಿಸುವುದು ಇನ್ನೊಂದು. ಕೋನಿನ ಹಿಂದಿರುವ ಸ್ಪೈಡರ್ (ಕಾಯಿಲನ್ನು ಹಿಡಿದಿಡುವ ಮಡಿಕೆಯ ಬಟ್ಟೆ) ಗಟ್ಟಿಯಾಗಿದ್ದರೆ ಕಾಯಿಲನ್ನು ಅದೇ ಬಹುಮಟ್ಟಿಗೆ ನಡುವೆ ಹಿಡಿದಿರುತ್ತದೆ, ಆದ್ದರಿಂದ ನಾನು ಎರಡನೆಯ ಕ್ರಮವನ್ನೇ ಹೇಳುತ್ತೇನೆ. ಎರಡೂ ವೂಫರ್‌ಗಳಿಗೆ ಒಂದೇ ಕಡೆಯಿಂದ ತಂದ ರಿಂಗ್‌ಗಳನ್ನೇ ಹಾಕಿ, ಒಂದರ ಫೋಮ್ ಇನ್ನೂ ಹರಿದಿಲ್ಲವೆಂದು ಅದನ್ನು ಬಿಡಬೇಡಿ.

ಚಿಂತಾಮಣಿಯಿಂದ

ಸದ್ದಿಲ್ಲದ ಟ್ವೀಟರ್ ಸತ್ತಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಎರಡು ಪೆಟ್ಟಿಗೆಗಳ ಟ್ವೀಟರ್‌ಗಳನ್ನು ಅದಲುಬದಲು ಮಾಡಿ ನೋಡಿದರೆ ದೋಷ ಟ್ವೀಟರ್‌ನಲ್ಲಿದೆಯೋ ಪೆಟ್ಟಿಗೆಯಲ್ಲಿದೆಯೋ ತಿಳಿದುಬಿಡುತ್ತದೆ. ಆ ಕಾಲದ ಪೆಟ್ಟಿಗೆಗಳಲ್ಲಿ ಟ್ವೀಟರ್‌ನ ಸದ್ದನ್ನು ಏರಿಸಿ ಇಳಿಸುವ ತಿರುಗುಗುಂಡಿ ಇರುವುದುಂಟು. ಅದರ ಒಳಗಿನ ಲೋಹ ಕಿಲುಬು ಹಿಡಿದರೆ ಟ್ವೀಟರ್‌ಗೆ ಏನೂ ತಲುಪುವುದಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಬಾರಿ ಆ ಕಡೆ ಈ ಕಡೆ ತಿರುಗಿಸಿದರೆ ಅನೇಕ ಬಾರಿ ಜೀವ ಬರುತ್ತದೆ. ಇನ್ನೊಂದು ಎಚ್ಚರ: ವೂಫರ್ ಬಿಚ್ಚುವಾಗ ಕಬ್ಬಿಣದ ಸ್ಕ್ರೂಡ್ರೈವರನ್ನು ಬಿಗಿಯಾಗಿ ಹಿಡಿಯಿರಿ, ಮ್ಯಾಗ್ನೆಟ್ ಅದನ್ನು ಎಳೆದುಕೊಂಡರೆ ಕೋನ್ ತೂತಾಗುತ್ತದೆ. ಗುಮ್ಮಟವನ್ನಂತೂ ಮುಟ್ಟಬೇಡಿ. ಶಿಡ್ಲಘಟ್ಟದ ಪಕ್ಕದಲ್ಲೇ ಹುಟ್ಟಿ ಬೆಳೆದವನಾದರೂ ಆ ರೇಷ್ಮೆಯನ್ನು ಬೆರಳಿನಿಂದ ಪರೀಕ್ಷಿಸುವ ಧೈರ್ಯ ನನಗಿಲ್ಲ.

ಗೌರಿಬಿದನೂರಿನಿಂದ

ತುಮಕೂರಿನವರ ಮಾತಿಗೆ, ಟ್ವೀಟರ್‌ಗೆ ತಗ್ಗು ಸದ್ದು ಹೋಗದಂತೆ ತಡೆಯುವ ಕ್ರಾಸ್‌ಓವರ್‌ನ ಕೆಪಾಸಿಟರ್‌ಗಳನ್ನು ಸೇರಿಸುತ್ತೇನೆ. ಆ ಕಾಲದ ಪೆಟ್ಟಿಗೆಗಳಲ್ಲಿ ಧನ–ಋಣ ಗುರುತಿಲ್ಲದ, ಬೈಪೋಲಾರ್ ಎಂದು ಕರೆಯುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳೇ ಹೆಚ್ಚು. ಅವುಗಳ ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗಿ, ಮೇಲೆ ಬರೆದ ಅಳತೆಗೂ ಅಳೆದಾಗ ಸಿಗುವ ಅಳತೆಗೂ ಹೊಂದಿಕೆ ತಪ್ಪುತ್ತದೆ. ಟ್ವೀಟರ್‌ಗೆ ಒಂದೇ ಕೆಪಾಸಿಟರ್ ಇರುವ ಸರಳ ಜೋಡಣೆಯನ್ನು ತೆಗೆದುಕೊಳ್ಳಿ: 8 ಓಮ್ ಟ್ವೀಟರ್‌ಗೆ 4.7 ಮೈಕ್ರೊಫ್ಯಾರಡ್ ಇದ್ದರೆ ಅದು ಸುಮಾರು 4,200 ಹರ್ಟ್ಸ್‌ನಿಂದ ಮೇಲಿನ ಸದ್ದನ್ನು ಬಿಡುತ್ತದೆ, ಅದೇ ಅಳತೆ 6.8ಕ್ಕೆ ಏರಿದರೆ 2,900ರ ಆಸುಪಾಸಿನಿಂದಲೇ ಬಿಡತೊಡಗಿ ಟ್ವೀಟರ್‌ಗೆ ಭಾರವಾಗುತ್ತದೆ. ಬರೆದಿರುವ ಅಳತೆಯದೇ ಹೊಸ ಕೆಪಾಸಿಟರ್ ಹಾಕಿ. ಅಂಗಡಿಯಲ್ಲಿ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಕೊಟ್ಟರೆ ಒಪ್ಪಬೇಡಿ, ದಿಕ್ಕು ಬದಲಾಗುತ್ತಲೇ ಇರುವ ಸಂಗೀತದ ಕರೆಂಟನ್ನು ಅದು ತಾಳುವುದಿಲ್ಲ.

ದುಬಾರಿ ಫಿಲ್ಮ್ ಕೆಪಾಸಿಟರ್ ಹಾಕಿದರೆ ದನಿ ತಾನಾಗಿ ಉತ್ತಮವಾಗುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಅವು ಹೆಚ್ಚು ಕಾಲ ಬಾಳುತ್ತವೆ, ನಿಜ. ಆದರೆ ಅವುಗಳ ಒಳಗಿನ ತಡೆ ತೀರಾ ಕಡಿಮೆಯಿರುವುದರಿಂದ ಮೂಲತಃ ಎಲೆಕ್ಟ್ರೋಲಿಟಿಕ್‌ಗೆ ಹೊಂದಿಸಿದ ಟ್ವೀಟರ್ ಸ್ವಲ್ಪ ಕಿರುಚಿದಂತೆ ಕೇಳಿಸಬಹುದು. ಹಾಗಾದರೆ ಅರ್ಧ ಅಥವಾ ಒಂದು ಓಮ್‌ನ ರೆಸಿಸ್ಟರನ್ನು ಸಾಲಿನಲ್ಲಿ ಸೇರಿಸಿ ನೋಡಿ. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಹಲವು ಕಡೆಗಳಿಂದ ಚಿತ್ರ ತೆಗೆದುಕೊಳ್ಳಿ. ನಡುವಿನ ಸ್ಪೀಕರ್‌ನ ತಂತಿಗಳು ಬೇಕೆಂದೇ ತಿರುವುಮುರುವಾಗಿ ಜೋಡಿಸಿರುವ ಪೆಟ್ಟಿಗೆಗಳೂ ಇವೆ, ಅದನ್ನು ದೋಷವೆಂದು ತಿಳಿದು ಸರಿಪಡಿಸಲು ಹೋಗಬಾರದು.

ಬಂಗಾರಪೇಟೆಯಿಂದ

ಪೆಟ್ಟಿಗೆ ಮರದ ಪುಡಿಯ ಹಲಗೆಯದಾದರೆ ಉಬ್ಬಿದ ಭಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ. ಚೆನ್ನಾಗಿ ಒಣಗಿಸಿ, ತೆಳುವಾದ ಎಪಾಕ್ಸಿ ಕುಡಿಸಿ, ಗಟ್ಟಿಯಾದ ಮೇಲೆ ಉಜ್ಜಿ ಸಮ ಮಾಡಿಸಿ, ಕೆಳಗೆ ಮರದ ಪಟ್ಟಿಯೊಂದನ್ನು ಹೊಡೆಸಿದರೆ ಸಾಕು. ಮೂಲೆಗಳಲ್ಲಿ ಗೆದ್ದಲಿನ ಮಣ್ಣಿದೆಯೇ ಎಂದು ಮನೆಯೊಳಗೆ ಒಯ್ಯುವ ಮೊದಲೇ ನೋಡಿಕೊಳ್ಳಿ. ಒಳಗೆ ತುಂಬಿರುವ ಗ್ಲಾಸ್ ವುಲ್ ತೆಗೆಯುವಾಗ ಕೈಗವಸು, ಮುಖಗವಸು ಬೇಕೇ ಬೇಕು, ಅದನ್ನು ಎಷ್ಟಿತ್ತೋ ಅಷ್ಟನ್ನೇ ಮರಳಿ ತುಂಬಬೇಕು.

ಕೋಲಾರದಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೀಟರ್‌ನಲ್ಲಿ ಎರಡೂ ವೂಫರ್ 6.2 ಓಮ್ ತೋರಿಸಿದವು, ನೆಟ್ಟಗೆ ಒತ್ತಿದರೆ ಉಜ್ಜುವ ಸದ್ದಿಲ್ಲ. ಟ್ವೀಟರ್ ಗುಂಡಿ ತಿರುಗಿಸಿದಾಗ ಕರಕರ ಎಂದು ಬಂದು ಹೋಗುತ್ತದೆ. ಎಲ್ಲ ಮುಗಿದ ಮೇಲೆ ಕೆಲಸ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ತುಮಕೂರಿನಿಂದ

ಹಾಗಾದರೆ ನಿಮ್ಮದು ಒಳ್ಳೆಯ ವ್ಯಾಪಾರ. ಮುಚ್ಚಿದ ಪೆಟ್ಟಿಗೆಗೆ ಒಂದು ಸುಲಭ ಪರೀಕ್ಷೆಯಿದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಅವರ ಅಕೌಸ್ಟಿಕ್ ರಿಸರ್ಚ್ ಸಂಸ್ಥೆ ಮಾರುಕಟ್ಟೆಗೆ ತಂದ ಕ್ರಮದಲ್ಲಿ, ಕೋನನ್ನು ತೀರಾ ಮೆದುವಾಗಿ ತೂಗುಬಿಟ್ಟು, ಅದನ್ನು ಹಿಂದಕ್ಕೆ ತಳ್ಳುವ ಕೆಲಸವನ್ನು ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಗಾಳಿಗೇ ವಹಿಸಲಾಗುತ್ತದೆ. ನಿಮ್ಮದೂ ಆ ಬಗೆಯದಾದರೆ ವೂಫರನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಒಂದೆರಡು ಕ್ಷಣ ಹಿಡಿದು ಬಿಟ್ಟಾಗ ಅದು ನಿಧಾನವಾಗಿ ಹೊರಗೆ ಬರಬೇಕು. ತಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ, ವೂಫರ್ ಹಿಂದಿನ ಗ್ಯಾಸ್ಕೆಟ್, ತಂತಿ ಹೊರಬರುವ ಜಾಗ, ಆ ತಿರುಗುಗುಂಡಿಯ ಸುತ್ತ, ಈ ಮೂರು ಕಡೆ ಮೊದಲು ನೋಡಿ. ಜೋಡಣೆಯ ದಿಕ್ಕು ತಿಳಿಯಲು ಎರಡೂ ವೂಫರ್‌ಗಳಿಗೆ ಒಂದೂವರೆ ವೋಲ್ಟ್‌ನ ಸೆಲ್ಲನ್ನು ಒಂದೇ ರೀತಿಯಲ್ಲಿ ಅರೆಕ್ಷಣ ತಾಗಿಸಿ, ಎರಡೂ ಒಂದೇ ದಿಕ್ಕಿಗೆ ಚಲಿಸಬೇಕು. ಮೊದಲ ಕೆಲವು ದಿನ ಸಣ್ಣ ದನಿಯಲ್ಲೇ ಕೇಳಿ. ಆಂಪ್ಲಿಫೈಯರ್ ಚಿಕ್ಕದಾಗಿದ್ದರೆ ಅದನ್ನು ಪೂರ್ತಿ ತಿರುಗಿಸಬೇಡಿ. ಶಕ್ತಿ ಮೀರಿ ಕಿರುಚುವ ಚಿಕ್ಕ ಆಂಪ್ಲಿಫೈಯರ್ ಈಗಷ್ಟೇ ಬದುಕಿದ ಟ್ವೀಟರನ್ನು ಸುಟ್ಟೀತು.